ಫೋಟೋಗೆ ಬೇಕಾಗಿದ್ದ ನರ್ಸಮ್ಮ

ನಂಜನಗೂಡಿನ ನಮ್ಮ ಬೀದಿಯ ಇಸ್ತ್ರಿ ಅಂಗಡಿಯಲ್ಲಿ ಮೊನ್ನೆ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಮೇಜಿನ ಮೇಲೆ ಬಿಳಿ ಅಂಗಿಗಳ ರಾಶಿ. "ಒಸ ಅಧ್ಯಕ್ಷರ್ದು ಸಾ, ನಾಳೆ ಪದಗ್ರಹಣ. ಟೀವಿಯೋರು ಬತ್ತಾರೆ, ಗಂಜಿ ಜಾಸ್ತಿ ಇರ್ಲಿ ಅಂದವ್ರೆ" ಎಂದ ಇಸ್ತ್ರಿಯವನು. ಯಾವ ನಿಗಮದ ಅಧ್ಯಕ್ಷರೋ ಅವನಿಗೂ ಗೊತ್ತಿರಲಿಲ್ಲ. ನನಗೆ ಮಾತ್ರ ಅದೇ ವಾಸನೆಯ ಬಿಳಿ ಸೀರೆ ಉಡುತ್ತಿದ್ದ ನರ್ಸಮ್ಮ ನೆನಪಾದರು...

ಮುಡುಕುತೊರೆ ದಾರಿಯ ನಮ್ಮೂರಿನಲ್ಲಿ ಅವರದು ನಮ್ಮ ಎದುರು ಮನೆ. ನಾನೂ ನನ್ನ ತಂಗಿಯೂ ಹುಟ್ಟಿದ್ದು ಅವರ ಕೈಯಲ್ಲೇ. ಅವರು ನಿವೃತ್ತರಾಗುವ ಹೊತ್ತಿಗೆ ಊರಿನ ಆಸ್ಪತ್ರೆಗೆ ಹೊಸ ಕಟ್ಟಡ ಬಂದಿತ್ತು, ಹೆರಿಗೆ ಡಾಕ್ಟರು ಬಂದಿರಲಿಲ್ಲ. ನೋವು ತಿನ್ನುವ ಹೆಂಗಸರನ್ನು ಆಂಬುಲೆನ್ಸಿಗೆ ಹತ್ತಿಸಿ ಮೈಸೂರಿಗೆ ಸಾಗಹಾಕುತ್ತಿದ್ದರು. ನರ್ಸಮ್ಮನಿಗೆ ಅದೊಂದೇ ಕೊರಗು. ಹಾಗಾಗಿ ಪಕ್ಷದವರು ಬಂದು, ಆಸ್ಪತ್ರೆ ಸಮಿತಿಗೆ ನಿಮ್ಮನ್ನು ನೇಮಿಸುತ್ತೇವೆ ಎಂದಾಗ ಮರುಮಾತಾಡದೆ ಒಪ್ಪಿದರು.

"ಅಕ್ಕಾ, ಮೆರವಣಿಗೆ ದಿನ ನರ್ಸ್ ಸೀರೇಲೇ ಬನ್ನಿ, ಫೋಟೋಗೆ ಕಳೆ ಬತ್ತದೆ" ಎಂದ ಆ ಪಕ್ಷದ ನಮ್ಮೂರ ಲೀಡರಿನ ಹಿಂಬಾಲಕ.

"ರಿಟೈರಾದೋಳ್ಗೆ ಅದ್ಯಾಕಪ್ಪ?" ಎಂದರು. ಆಮೇಲೆ ನನ್ನ ಹತ್ತಿರ, "ಒಂದಿನ ವೇಸ ಆಕುದ್ರೆ ಡಾಕ್ಟರಮ್ಮ ಬತ್ತಾರೆ ಅಂದ್ರೆ ಆಕ್ಬುಡ್ತೀನಿ ಕಣಪ್ಪ" ಎಂದು ನಕ್ಕರು. ಹಳೆಯ ಸೀರೆಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಿದ್ದರು. ಹೊಸ ಬಿಳಿ ಸೀರೆ ತಂದು, ತಾವೇ ಗಂಜಿ ಹಾಕಿಕೊಂಡರು.

ಅವತ್ತಿನ ಮೆರವಣಿಗೆ ಕಣ್ಣಿಗೆ ಕಟ್ಟಿದಂತಿದೆ. ತಮಟೆ, ಪಟಾಕಿ, ತಲೆಯ ಮೇಲೆ ಡ್ರೋನು, ಕ್ರೇನಿನಿಂದ ಇಳಿಬಿಟ್ಟ ಸೇಬಿನ ಹಾರ. ತೂಕಕ್ಕೆ ನರ್ಸಮ್ಮ ಬಗ್ಗಿಯೇ ಹೋದರು. ಕೈಯಲ್ಲೊಂದು ಕೂಸಿದ್ದರೆ ಚೆನ್ನ ಎಂದು ಕ್ಯಾಮೆರಾದವನಿಗೆ ಹೊಳೆಯಿತು. ಹಿಂದಿನ ಬೀದಿಯ ಬಾಣಂತಿಯಿಂದ ಮಗು ಇಸಕೊಂಡು ಬಂದರು. ಅದು ಕಿರುಚಿ ಕಿರುಚಿ ಅತ್ತಿತು. ನರ್ಸಮ್ಮ ಪಕ್ಕದಲ್ಲಿ ಫೋಟೋಗೆ ನಿಂತಿದ್ದ ಸಚಿವರ ಕಿವಿಯ ಹತ್ತಿರ ಡಾಕ್ಟರ ವಿಷಯ ಎತ್ತಿದರು. ಅವರು ಕ್ಯಾಮೆರಾ ನೋಡುತ್ತಲೇ ತಲೆಯಾಡಿಸಿದರು. ವಾರದೊಳಗೆ ಆ ಫೋಟೋ ನರಸೀಪುರದ ಬಸ್ ಸ್ಟ್ಯಾಂಡಿನಿಂದ ನಮ್ಮೂರ ಆಸ್ಪತ್ರೆ ಕಾಂಪೌಂಡಿನವರೆಗೆ ಫ್ಲೆಕ್ಸಾಗಿ ನಿಂತಿತು.

ಸಮಿತಿಯ ಸಭೆ ಸೇರುತ್ತಿದ್ದದ್ದೇ ಅಪರೂಪ. ಸೇರಿದಾಗಲೂ ಶಾಲು, ಹಾರ, ಫೋಟೋ, ಬೋಂಡಾ, ಕಾಫಿ. ನರ್ಸಮ್ಮ ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಎದ್ದಿರುತ್ತಿದ್ದರು.

ಎರಡು ವರ್ಷದ ಮೇಲೆ ಅದೇ ಬಾಣಂತಿ ಮತ್ತೆ ಬಸುರಾದಳು. ನೋವು ಬಂದಾಗ ಅವಳನ್ನೂ ಮೈಸೂರಿಗೆ ಕಳಿಸಿದರು. ಕೂಸು ದಾರಿಯಲ್ಲೇ ಹೋಯಿತು...

ನರ್ಸಮ್ಮ ನನ್ನನ್ನು ಕರೆದುಕೊಂಡು ಲೀಡರಿನ ಮನೆಗೆ ಹೋದರು. "ಡಾಕ್ಟರಮ್ಮ ಒಬ್ಬರು ಬೇಕು ಕಣಪ್ಪ. ನಂಗೆ ಇನ್ನೇನೂ ಬ್ಯಾಡ."

"ಅಕ್ಕಾ, ನಿಮ್ ಫೋಟೋಗೆ ಎಷ್ಟು ಲೈಕ್ ಬಂದವೆ ಗೊತ್ತಾ?" ಎಂದ ಆತ. ಗೇಲಿಗೆ ಅಂದಿದ್ದರೆ ಬೈದಾದರೂ ಬರುತ್ತಿದ್ದೆವು. ಆ ಮನುಷ್ಯ ಅದನ್ನು ಹೊಗಳಿಕೆ ಅಂದುಕೊಂಡೇ ಹೇಳಿದ್ದ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

"ನನ್ ಎಸ್ರು ತೆಗ್ದುಬುಡು" ಎಂದಷ್ಟೇ ಹೇಳಿ ಎದ್ದು ಬಂದರು. ಅವನಿಗೇನೂ ನಷ್ಟವಾಗಲಿಲ್ಲ. ದಿನಾ ರೀಲ್ಸ್ ಮಾಡುವ, ನೋಡಲು ಲಕ್ಷಣವಾಗಿದ್ದ ಹೆಂಗಸೊಬ್ಬರನ್ನು ಆ ಜಾಗಕ್ಕೆ ತಂದರು. ಮತ್ತೆ ಕ್ರೇನು, ಮತ್ತೆ ಸೇಬು.

ಅಲ್ಲಿಂದಾಚೆಗೆ ನರ್ಸಮ್ಮ ಒಂದು ಕೆಲಸ ಹಿಡಿದರು. ಯಾರಿಗಾದರೂ ನೋವು ಬಂದ ಸುದ್ದಿ ತಿಳಿದರೆ ಸಾಕು, ತಮ್ಮ ಮನೆ ಮುಂದೆ ನಿಂತು ಆಂಬುಲೆನ್ಸಿಗೆ ಕೈ ಅಡ್ಡ ಹಿಡಿಯುವುದು, ಹತ್ತಿ ಕೂರುವುದು, ಮೈಸೂರು ಮುಟ್ಟುವವರೆಗೆ ಆ ಹೆಂಗಸಿನ ಕೈ ಬಿಡದಿರುವುದು. ಮಂಡಿ ನೋವಿಗೆ ಗಾಡಿಯ ಮೆಟ್ಟಿಲು ಹತ್ತಲಾಗದ ದಿನದವರೆಗೂ ಹೋದರು. ಅದನ್ನು ಯಾರೂ ಫೋಟೋ ತೆಗೆಯಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಹೆರಿಗೆ ಡಾಕ್ಟರು ಇನ್ನೂ ಬಂದಿಲ್ಲ. ಊರಿಗೆ ಹೋದಾಗ ಜಗಲಿಯಲ್ಲಿ ಕೂತಿರುತ್ತೇನೆ, ಸೈರನ್ ಹಾಕಿಕೊಂಡು ಗಾಡಿ ಬರುತ್ತದೆ. ಎದುರು ಮನೆಯ ಹತ್ತಿರ ಡ್ರೈವರ್ ಈಗಲೂ ಒಂಚೂರು ನಿಧಾನ ಮಾಡುತ್ತಾನೆ. ಹತ್ತುವವರು ಯಾರೂ ಇಲ್ಲದ್ದು ನೋಡಿ ಮುಂದೆ ಹೋಗುತ್ತಾನೆ.