ಕೈಮುಗಿದ ‘ಬೇಕು’

ನನ್ನ ಗಂಡ ಇಂಗ್ಲಿಷ್ ಮಾತು ಕಲಿಯಲು ಹೊರಟದ್ದು ಒಂದು ‘ಮಸ್ಟ್’ನ ದೆಸೆಯಿಂದ. ಎಂಬತ್ತರ ದಶಕದ ಕೊನೆಯಲ್ಲಿ ನಾವು ನಾಸಿಕದಲ್ಲಿದ್ದೆವು. ಇವರು ವಿಜಾಪುರದಿಂದ ವರ್ಗವಾಗಿ ಬಂದ ಬ್ಯಾಂಕಿನವರು. ಒಂದು ದಿನ ಮುಂಬೈಯಿಂದ ದೊಡ್ಡ ಸಾಹೇಬರು ಶಾಖೆ ನೋಡಲು ಬಂದಾಗ ಇವರು ಎದ್ದು ಕೈಮುಗಿದು, “ಸರ್, ಯು ಮಸ್ಟ್ ಸಿಟ್. ಯು ಮಸ್ಟ್ ಡ್ರಿಂಕ್ ಟೀ” ಅಂದರಂತೆ. ನಮ್ಮ ಕಡೆ ದೊಡ್ಡವರು ಬಂದರೆ ಅನ್ನುವುದೇ ಹಾಗಲ್ಲವೇ? ಕೂಡಬೇಕು, ಚಾ ಕುಡೀಬೇಕು, ಉಂಡೇ ಹೋಗಬೇಕು. ಆ ‘ಬೇಕು’ ಕೈಮುಗಿದು ನಿಂತ ಮಾತು. ಇಂಗ್ಲಿಷಿಗೆ ಹೋದೊಡನೆ ಅದು ಪೊಲೀಸನ ಲಾಠಿಯಾಗುತ್ತದೆಂದು ಇವರಿಗೇನು ಗೊತ್ತು, ಪಾಪ! ಸಾಹೇಬರು ಕೂಡಲೂ ಇಲ್ಲ, ಚಾ ಮುಟ್ಟಲೂ ಇಲ್ಲ. ಪ್ರಮೋಶನ್ನಿನ ಸಂದರ್ಶನ ಬೇರೆ ಹತ್ತಿರ ಬಂದಿತ್ತು.

ನಾವಿದ್ದದ್ದು ನಡುವೆ ಅಂಗಳವಿದ್ದ ಹಳೆಯ ವಾಡೆಯಲ್ಲಿ. ಆಚೆ ಬದಿಯಲ್ಲಿ ಒಂದು ಮರಾಠಿ ಸಂಸಾರ. ಗಂಡ ಓಝರಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್, ಹೆಂಡತಿ ಪುಣೆಯ ಕಾನ್ವೆಂಟಿನಲ್ಲಿ ಓದಿದವಳು. ಇವರು ಆಕೆಯನ್ನು ‘ವಹಿನಿ’ ಎಂದು ಕರೆಯುತ್ತಿದ್ದರು, ಅಂದರೆ ಅತ್ತಿಗೆ. ದಿನಾ ಸಂಜೆ ಪಡಸಾಲೆಯಲ್ಲಿ ಪಾಠ. ಆಕೆ ಉಯ್ಯಾಲೆಯ ಮೇಲೆ, ಇವರು ಕುರ್ಚಿಯ ಮೇಲೆ, ಆಕೆಯ ಗಂಡ ಪೇಪರಿನ ಹಿಂದೆ. ನಾನು ಅಡುಗೆಮನೆಯ ಕಿಟಕಿಯ ಒಳಗೆ ಮೆಂತ್ಯದ ಸೊಪ್ಪು ಸೋಸುತ್ತಾ, ಕಿವಿಯನ್ನೆಲ್ಲ ಹೊರಗಿಟ್ಟುಕೊಂಡು ಕೂತಿರುತ್ತಿದ್ದೆ.

“ಆ ಮಸ್ಟ್ ಅನ್ನುವುದನ್ನು ಮೊದಲು ತೆಗೆದುಹಾಕಿ, ಅದು ಹುಕುಂ” ಎಂದು ಆಕೆ ಹಿಂದಿಯಲ್ಲಿ ಹೇಳಿಕೊಡುತ್ತಿದ್ದಳು. “ವುಡ್ ಯು ಲೈಕ್ ಅನ್ನಿ. ಎದುರಿನವರಿಗೆ ಬೇಡ ಅನ್ನಲು ಜಾಗ ಬಿಟ್ಟು ಕೇಳುವ ಮಾತು ಅದು.” ಮೇ ಅನ್ನುವುದು ಮೇಲಿನವರು ಕೊಡುವ ಅಪ್ಪಣೆಯಂತೆ. ಕುಡ್ ಅಂದರೆ ಕ್ಯಾನ್‌ಗಿಂತ ಮೆತ್ತಗೆ. ಎಲ್ಲ ನನಗೇ ಬೇಗ ಬಾಯಿಪಾಠವಾಯಿತು. ಇವರು ಮಾತ್ರ ಕನ್ನಡಿಯೆದುರು ನಿಂತು ವುಡ್, ಕುಡ್ ಎಂದು ತೊದಲುತ್ತಿದ್ದರು.

ತೊದಲಿದ್ದೆಲ್ಲ ಆ ಪಡಸಾಲೆಗೇ ಮೀಸಲು. ಹೊರಗೆ ಆಕೆಗೆ, “ವಹಿನಿ, ವುಡ್ ಯು ಲೈಕ್ ಸಮ್ ವಾಟರ್?” ಒಳಗೆ ಬಂದು ನನಗೆ, “ನೀರ ಕೊಡ.” ನನ್ನ ಮೈ ಉರಿದುಹೋಗುತ್ತಿತ್ತು. ಆಕೆಯ ಉಯ್ಯಾಲೆಯ ಸರಪಳಿ ಕಿರ್ ಅಂದರೂ ಸಾಕು, ನನಗೆ ಹಲ್ಲು ಕಡಿಯುವಂತಾಗುತ್ತಿತ್ತು. ಇವರ ನಡತೆಯ ಬಗ್ಗೆ ಅನುಮಾನ ಅಂದುಕೊಳ್ಳಬೇಡಿ, ಅದೇನೂ ಇರಲಿಲ್ಲ. ನನ್ನ ಹೊಟ್ಟೆಕಿಚ್ಚೆಲ್ಲ ಆ ಒಂದು ‘ವುಡ್’ನ ಮೇಲೆ. ಮದುವೆಯಾದಂದಿನಿಂದ ನನಗೆ ಬೇಕೋ ಬೇಡವೋ ಎಂದು ಯಾರೂ ಕೇಳಿರಲಿಲ್ಲ, ಇವರಂತೂ ಕೇಳಿಯೇ ಇರಲಿಲ್ಲ. ಒಂದೇ ಒಂದು ಸಲ ಇವರು ನನ್ನನ್ನು ಹಾಗೆ ಕೇಳಬೇಕು. ನನಗೆ ಬೇಕಾದದ್ದು ಅಷ್ಟೇ.

ದ್ರಾಕ್ಷಿಯ ಕಾಲದಲ್ಲಿ ಪಿಂಪಳಗಾಂವ್ ಬಸವಂತದಿಂದ ಒಂದು ಬುಟ್ಟಿ ತಂದರು. ಬುಟ್ಟಿ ನಮ್ಮ ಹೊಸ್ತಿಲು ದಾಟಲಿಲ್ಲ, ಸೀದಾ ಉಯ್ಯಾಲೆಯ ಹತ್ತಿರ ಹೋಯಿತು. “ವುಡ್ ಯು ಲೈಕ್ ಸಮ್ ಗ್ರೇಪ್ಸ್?” ಅಯ್ಯಯ್ಯ, ಆ ಬಾಗುವುದೇನು, ಆ ನಗುವೇನು! ಆಮೇಲೆ ಉಳಿದದ್ದನ್ನು ನನ್ನ ಕೈಗೆ ಕೊಟ್ಟು, “ತೊಳದ ಇಡ” ಅಂದರು.

“ಆ ವುಡ್ಡು ನನಗ ಒಮ್ಮೆರ ಅಂದ್ರ ನಿಮ್ಮ ಗಂಟೇನ ಹೋಗತದ?” ಅಂದೆ.

ಇವರು ಬಿದ್ದು ಬಿದ್ದು ನಕ್ಕರು. “ಏ ಹುಚ್ಚಿ, ನೀ ಏನ ಸಾಹೇಬ್ರೇನ? ಮನ್ಯಾಕಿಗೆ ಯಾರರ ವುಡ್ ಅಂತಾರ?”

ಆ ದ್ರಾಕ್ಷಿಯನ್ನು ನಾನು ಬಾಯಿಗೂ ಹಾಕಲಿಲ್ಲ.

ಪ್ರಮೋಶನ್ ಸಿಕ್ಕಿತು. ಔರಂಗಾಬಾದಿಗೆ ವರ್ಗ. ಈಗಿನ ಛತ್ರಪತಿ ಸಂಭಾಜಿನಗರ. ಇದು ನನಗೆ ಗೊತ್ತಾದದ್ದು ಹೇಗೆ ಅಂತೀರಿ? ಅದೇ ಕಿಟಕಿಯಿಂದ. “ವಹಿನಿ, ವುಡ್ ಯು ಲೈಕ್ ಟು ಸೀ ಎಲ್ಲೋರಾ? ವುಡ್ ಯು ಲೈಕ್ ಟು ಸ್ಟೇ ಇನ್ ಅವರ್ ಹೌಸ್?” ಎಂದು ಆಕೆಯನ್ನೂ ಗಂಡನನ್ನೂ ಕರೆಯುತ್ತಿದ್ದರು. ಆ ಮನೆಯನ್ನು ನಡೆಸಬೇಕಾದವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಆಮೇಲೆ ಒಳಗೆ ಬಂದರು. “ಬರೋ ಸ್ವಾಮಾರ ನಾ ಹೋಗಬೇಕು. ನೀ ಸಾಮಾನ ಕಟ್ಟಾಕ ಹತ್ತು. ಮುಂದಿನ ತಿಂಗಳ ನೀನೂ ಬರಬೇಕು.”

ಇದೂ ಒಂದು ‘ಬೇಕು’. ಆದರೆ ಸಾಹೇಬರ ಮುಂದೆ ಕೈಮುಗಿದು ನಿಂತಿದ್ದ ಬೇಕು ಇದಲ್ಲ, ಇದಕ್ಕೆ ಲಾಠಿ ಇತ್ತು. ಆ ವರ್ಷ ನಾನು ಓಣಿಯ ಬಾಲವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಲು ಸೇರಿದ್ದೆ. ನನ್ನ ಹರಕುಮುರುಕು ಮರಾಠಿ ಕೇಳಿ ಆ ಮಕ್ಕಳು ನಗುತ್ತಿದ್ದವು, ಆದರೂ ನನ್ನ ಸೆರಗು ಬಿಡುತ್ತಿರಲಿಲ್ಲ. ಅದರ ಕಥೆ ಏನು ಎಂದು ಒಂದು ಮಾತು ಕೇಳಬೇಡವೇ?

ನಾನು ಕೈಯ ಹಿಟ್ಟು ಕೊಡವಿ ಎದ್ದು ನಿಂತು, “ಯು ಮೇ ಗೋ” ಅಂದೆ.

ನಾನು ಮೇಲಿನವಳಾಗಿ ಅಪ್ಪಣೆ ಕೊಟ್ಟಿದ್ದೆ, ಅದೂ ಆಕೆಯೇ ಕಲಿಸಿದ ಮಾತಿನಲ್ಲಿ. ಶಾಲೆಯ ವರ್ಷ ಮುಗಿಯುವವರೆಗೆ ಬರಂಗಿಲ್ಲ ಎಂದೂ ಹೇಳಿದೆ. ಸೋಮವಾರ ಒಬ್ಬರೇ ಟ್ರಂಕು ಹಿಡಿದು ಹೋದರು.

ಇವರು ಹೋದ ಮೇಲೆ ಒಂದು ಸಂಜೆ ಆಕೆ ನನ್ನ ಕಡೆ ತಿರುಗಿ, “ವಹಿನಿ, ವುಡ್ ಯು ಲೈಕ್ ಸಮ್ ಟೀ?” ಅಂದಳು. ಚಾ ಕುಡಿಯುವ ಆಸೆ ಜೋರಾಗಿಯೇ ಇತ್ತು. ಆದರೂ “ನೋ” ಅಂದೆ. ಬೇಡ ಅನ್ನುವ ಸುಖ ಹೇಗಿರುತ್ತದೆ ಎಂದು ಒಮ್ಮೆ ನೋಡಬೇಕಾಗಿತ್ತು. ಬಹಳ ಚೆನ್ನಾಗಿತ್ತು. ಅಷ್ಟು ದಿನ ಅದನ್ನು ಆಕೆಯೊಬ್ಬಳೇ ಉಂಡಳಲ್ಲ ಎಂದು ಕಿಚ್ಚು ಇನ್ನಷ್ಟು ಏರಿತು.

ಪರೀಕ್ಷೆಗಳ ಕಾಲದ ಒಂದು ಶನಿವಾರ ಮಧ್ಯಾಹ್ನ ಇವರು ಬಸ್ಸಿನ ಧೂಳು ಹೊತ್ತುಕೊಂಡು ಬಂದರು. ಶರ್ಟಿನ ಕಾಲರು ಕರ್ರಗಾಗಿತ್ತು, ಮುಖ ಇಳಿದಿತ್ತು. ಆಕೆ ಉಯ್ಯಾಲೆಯ ಮೇಲೆಯೇ ಇದ್ದಳು. ಇವರು ಆ ಕಡೆ ನೋಡದೆ ನಮ್ಮ ಬಾಗಿಲಿಗೆ ಬಂದು ಹೊಸ್ತಿಲ ಹೊರಗೇ ನಿಂತರು. ಒಳಗೆ ಬರಲಿಲ್ಲ. ಚೀಲ ಕೆಳಗಿಟ್ಟು, ಎರಡೂ ಕೈ ಜೋಡಿಸಿ, ನಗದೆ ಹೇಳಿದರು:

“ಶಾಲಿ ಮುಗದ ಮ್ಯಾಲ, ನಿಮ್ಮ ಮನಸ್ಸಿದ್ರ, ತಾವು ನಮ್ಮನಿಗೆ ಬರಬೇಕ್ರಿ.”

ನಾನು ಹೊಸ್ತಿಲವರೆಗೆ ಬಂದೆ. ಆದರೂ ನನ್ನ ಹೊಟ್ಟೆಕಿಚ್ಚು ಸುಮ್ಮನಿರಬೇಕಲ್ಲ! “ಇದನ್ನೂ ಆಕೀನ ಕಲಿಸ್ಯಾಳೇನು?” ಅಂದೆ.

“ಆಕೀಗೆ ಇದೆಲ್ಲಿ ಬರತದ? ಆಕಿ ಇದನ್ನ ತಗದ ಹಾಕು ಅಂದಾಕಿ.”

“ಬರತೇನಿ” ಅಂದೆ.

ಉಯ್ಯಾಲೆ ನಿಂತಿತು. “ಏನೆಂದರು ವಹಿನಿ, ಕೈಮುಗಿದು?” ಎಂದು ಆಕೆ ಅಲ್ಲಿಂದಲೇ ಹಿಂದಿಯಲ್ಲಿ ಕೇಳಿದಳು.

“ಅದು ಇಂಗ್ಲಿಷಿನಲ್ಲಿ ಬರುವುದಿಲ್ಲ” ಎಂದು ಹೇಳಿ, ಇವರನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದೆ.