ನಡತೆ ಪತ್ರಕ್ಕೆ ಜಾತಕ

ಜರ್ಮನಿಗೆ ಹೋಗಲು ಅಕ್ಕನೇ ಹೆದರಿದಳು ಎಂದು ಜಯನಗರದ ನಮ್ಮ ಬೀದಿಯವರು ಹೇಳುತ್ತಾರೆ. ಹೆದರಿದವಳು ಆ ಶನಿವಾರ ಬೆಳಿಗ್ಗೆ ಎದುರು ಮನೆಯ ರಾಯರ ಮುಂದೆ ಅಷ್ಟು ಹೊತ್ತು ಏಕೆ ನಿಂತಿದ್ದಳು?

ಅಕ್ಕ ನರ್ಸ್. ಅಲ್ಲಿನ ಆಸ್ಪತ್ರೆಯೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ವರ್ಷಗಟ್ಟಲೆ ಇರುವ ವೀಸಾ ಬೇಕಾದರೆ, ಪರಿಚಯದ ಸರ್ಕಾರಿ ಅಧಿಕಾರಿಯೊಬ್ಬರು ಅವಳ ನಡತೆ ಒಳ್ಳೆಯದೆಂದು ಬರೆದುಕೊಡಬೇಕಿತ್ತು. ಸೋಮವಾರವೇ ಕಡೆಯ ದಿನ. ನಮಗೆ ಗೊತ್ತಿದ್ದ ಅಧಿಕಾರಿ ಎಂದರೆ ರಾಯರೊಬ್ಬರೇ.

ಪೆನ್ನಿನ ಮುಚ್ಚಳ ತೆಗೆದ ರಾಯರು ಅದನ್ನು ಮತ್ತೆ ಹಾಕಿದರು. "ಜಾತಕ ತಂದಿದ್ದೀಯೇನಮ್ಮಾ?"

ಜೊತೆಗಿದ್ದ ನಾನು ಮನೆಗೆ ಓಡಿ ತಂದುಕೊಟ್ಟೆ. ಕನ್ನಡಕ ಏರಿಸಿ ನೋಡಿದರು. "ನಿನಗೆ ಪರದೇಶದ ಯೋಗಾನೇ ಇಲ್ವಲ್ಲಮ್ಮಾ. ಆಗದ ಕೆಲಸಕ್ಕೆ ನಾನ್ಯಾಕೆ ಸಹಿ ಹಾಕ್ಲಿ? ಒಳ್ಳೇ ಗಂಡು ನೋಡು ಅಂತ ನಿಮ್ಮಪ್ಪಂಗೆ ಹೇಳ್ತೀನಿ."

"ಮಾಮ, ಅವರು ಕೇಳಿರೋದು ಅಕ್ಕನ ನಡತೆ, ಗ್ರಹಗಳ ನಡತೆ ಅಲ್ಲ" ಎಂದೆ.

"ಚರ್ಚಾಸ್ಪರ್ಧೇಲಿ ಕಪ್ ಗೆದ್ದೋನು ನೀನು. ನಿನ್ನ ಹತ್ರ ಮಾತಾಡೋಕಾಗುತ್ತೇನಪ್ಪಾ" ಎಂದು ನಗುತ್ತಾ ಪೂಜೆಗೆ ಎದ್ದರು.

ಸೋಮವಾರ ಕಳೆಯಿತು, ಕೆಲಸ ಬೇರೆ ಯಾರಿಗೋ ಹೋಯಿತು. ಅಕ್ಕ ಈಗಲೂ ರಾಯರ ಗೇಟಿನ ಮುಂದೆಯೇ ಹಾದು ಡ್ಯೂಟಿಗೆ ಹೋಗುತ್ತಾಳೆ. ರಾಯರೇ, ಹೋದ ವರ್ಷ ನಿಮಗೆ ನ್ಯುಮೋನಿಯಾ ಆದಾಗ ದಿನವೂ ಮನೆಗೆ ಬಂದು ಇಂಜೆಕ್ಷನ್ ಕೊಟ್ಟವಳು ಇವಳೇ. ತೋಳು ಚಾಚುವ ಮುಂಚೆ ನೀವು ಅವಳ ಜಾತಕ ಕೇಳಿದ್ದಿರಾ?