ಆಟೋದವರ ಒದ್ದೆ ಕರ್ಚೀಫು

ಕರ್ಚೀಫು ಬಿಳಿಯದೇ ಆಗಿತ್ತೇ? ಖಚಿತವಾಗಿ ಹೇಳಲಾರೆ. ತೊಂಬತ್ತರ ದಶಕದಲ್ಲಿ ನನ್ನನ್ನೂ ಉಬ್ಬಸದ ತಂಗಿಯನ್ನೂ ಹಲಸೂರಿನಿಂದ ಶಾಲೆಗೆ ಒಯ್ಯುತ್ತಿದ್ದ ಆಟೋದವರು, ಶಿವಾಜಿನಗರ ಬಸ್ ಸ್ಟ್ಯಾಂಡ್ ಬಂದೊಡನೆ ಅದನ್ನು ಒದ್ದೆ ಮಾಡಿ ಅವಳಿಗೆ ಕೊಡುತ್ತಿದ್ದರು.

"ಮೂಗು ಮುಚ್ಕೊ ಕಣಮ್ಮ, ಬಸ್ಸೆಲ್ಲಾ ವಿಷ ಕಾರ್ತವೆ."

ಅವರ ಆಟೋದ ಹಿಂದೆಯೂ ದಟ್ಟ ಹೊಗೆ ಏಳುತ್ತಿತ್ತು. ಕೇಳಿದರೆ, "ಅದು ಬರೀ ಹಬೆ ಕಣಮ್ಮ" ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಕರ್ಚೀಫನ್ನು ಮೂಗಿಗೆ ಹಿಡಿದ ತಂಗಿ ಕೆಮ್ಮಿ ಕೆಮ್ಮಿ ಉಸಿರಿಗೆ ಒದ್ದಾಡಿದಳು. ಅದರಲ್ಲಿ ಸೀಮೆಎಣ್ಣೆಯ ವಾಸನೆಯಿತ್ತು, ಅಂಚಿಗೆ ನೀಲಿ ಕಲೆಯಿತ್ತು. ಸೀಮೆಎಣ್ಣೆಯನ್ನು ಪೆಟ್ರೋಲಿಗೆ ಬೆರೆಸುತ್ತಿದ್ದರೇನೋ. ಆದರೆ ನೀಲಿ ಬಣ್ಣ ಬೆರೆಸಿದ ಸೀಮೆಎಣ್ಣೆ ಕೊಡುತ್ತಿದ್ದದ್ದು ರೇಷನ್ ಕಾರ್ಡಿಗೆ ಮಾತ್ರ. ಅವರಿಗೆ ಕಾರ್ಡಿರಲಿಲ್ಲ, ನಮ್ಮ ಸೋದರತ್ತೆಗಿತ್ತು.

ಮೊನ್ನೆ ಅತ್ತೆಯನ್ನು ಕೇಳಿದೆ.

"ಗ್ಯಾಸ್ ಬಂದ್ಮೇಲೂ ಸೀಮೆಎಣ್ಣೆ ತರ್ತಿದ್ರಲ್ಲ ಅತ್ತೆ, ಅದನ್ನ ಯಾರಿಗೆ ಕೊಡ್ತಿದ್ರಿ?"